ಸಹಿಯಿಲ್ಲದ ಮುನ್ನುಡಿ: ಕೊಪರ್ನಿಕಸನ ಗ್ರಂಥದ ಪಾಠಚರಿತ್ರೆ

ಕ್ರಿ.ಶ. 1543ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ಯೊಹಾನೆಸ್ ಪೆಟ್ರೇಯಸ್ ಎಂಬ ಮುದ್ರಕನ ಅಚ್ಚುಕೂಟದಿಂದ ಸುಮಾರು ನಾನೂರು ಪುಟಗಳ ಒಂದು ಲ್ಯಾಟಿನ್ ಗ್ರಂಥ ಹೊರಬಂದಿತು. ಆಕಾಶಕಾಯಗಳ ಪರಿಭ್ರಮಣವನ್ನು ಕುರಿತ ಆ ಗ್ರಂಥದ ಕರ್ತೃ ನಿಕೊಲಾಸ್ ಕೊಪರ್ನಿಕಸ್. ಶೀರ್ಷಿಕೆಯ ಪುಟವನ್ನು ಮಗುಚಿದೊಡನೆ ಓದುಗನಿಗೆ ಎದುರಾಗುತ್ತಿದ್ದುದು ಒಂದು ಚಿಕ್ಕ ಮುನ್ನುಡಿ. ಅದರ ಸಾರ ಹೀಗಿದೆ: ಈ ಗ್ರಂಥದಲ್ಲಿ ಭೂಮಿ ಚಲಿಸುತ್ತದೆಂದೂ ಸೂರ್ಯನು ನಡುವೆ ನಿಂತಿರುವನೆಂದೂ ಹೇಳಿರುವುದನ್ನು ಕಂಡು ವಿದ್ವಾಂಸರು ಕೆರಳಬೇಕಾಗಿಲ್ಲ. ಖಗೋಳಜ್ಞನ ಕೆಲಸ ಗ್ರಹಗಳ ಸ್ಥಾನವನ್ನು ಲೆಕ್ಕಹಾಕಲು ತಕ್ಕ ಊಹೆಗಳನ್ನು ಕಟ್ಟುವುದು. ಆ ಊಹೆಗಳು ಸತ್ಯವಾಗಿರಬೇಕೆಂದಿಲ್ಲ, ಸಂಭವನೀಯವೂ ಆಗಿರಬೇಕಿಲ್ಲ. ಲೆಕ್ಕ ಕೂಡಿಬಂದರೆ ಸಾಕು. ಖಗೋಳಶಾಸ್ತ್ರದಿಂದ ನಿಶ್ಚಿತವಾದ ಸತ್ಯವನ್ನು ನಿರೀಕ್ಷಿಸುವವನು ಬಂದಾಗ ಇದ್ದುದಕ್ಕಿಂತ ಹೆಚ್ಚಿನ ಮೂಢನಾಗಿ ಹಿಂದಿರುಗುತ್ತಾನೆ.

ಈ ಬರಹದ ಕೆಳಗೆ ಸಹಿಯಿಲ್ಲ. ಗ್ರಂಥದ ಮೊದಲಲ್ಲಿರುವ ಮಾತು ಗ್ರಂಥಕಾರನದೇ ಎಂದು ಓದುಗರು ಭಾವಿಸಿದ್ದು ಸಹಜ. ಆದರೆ ಮುಂದಿನ ನೂರಾರು ಪುಟಗಳಲ್ಲಿ ಗ್ರಂಥಕಾರನು ಪ್ರತಿಪಾದಿಸುವುದು ಇದಕ್ಕೆ ನೇರ ವಿರುದ್ಧವಾದುದನ್ನು. ಭೂಮಿ ನಿಜವಾಗಿಯೂ ಚಲಿಸುತ್ತದೆ ಎಂಬುದು ಅವನ ನಿಲುವು.

ಹಳಗನ್ನಡದ ಹಸ್ತಪ್ರತಿಗಳೊಡನೆ ಒಡನಾಡಿದವರಿಗೆ ಈ ಬಗೆಯ ತೊಡಕು ಹೊಸದಲ್ಲ. ಲಿಪಿಕಾರನು ಸೇರಿಸಿದ ಪದ್ಯ ಯಾವುದು, ಕವಿಯ ಪದ್ಯ ಯಾವುದು ಎಂಬ ವಿವೇಚನೆಯಲ್ಲಿಯೇ ನಮ್ಮ ಗ್ರಂಥಸಂಪಾದಕರ ಆಯುಷ್ಯ ಸವೆದಿದೆ. ಸ್ನಾತಕೋತ್ತರ ತರಗತಿಗಳಲ್ಲಿ ಗ್ರಂಥಸಂಪಾದನೆಯನ್ನು ಪಾಠಮಾಡುವಾಗ ಪ್ರಕ್ಷಿಪ್ತಕ್ಕೆ ಉದಾಹರಣೆಯಾಗಿ ನಾನು ಕಾವ್ಯಗಳನ್ನು ಮಾತ್ರವಲ್ಲದೆ ಈ ಒಂದು ಪುಟವನ್ನೂ ಹೇಳುವುದುಂಟು. ಕಾವ್ಯದಲ್ಲಿ ಪ್ರಕ್ಷಿಪ್ತವಾದ ಒಂದು ಪದ್ಯ ರಸಕ್ಕೆ ಕುಂದು ತರಬಹುದು. ಇಲ್ಲಿ ಪ್ರಕ್ಷಿಪ್ತವಾದ ಒಂದು ಪುಟ ಗ್ರಂಥದ ತಾತ್ಪರ್ಯವನ್ನೇ ತಿರುವುಮುರುವು ಮಾಡಿತು. ಅದು ಯಾರ ಮಾತು, ಅದನ್ನು ಅಲ್ಲಿ ಇಟ್ಟವರು ಯಾರು, ಅದರಿಂದ ಆದುದೇನು ಎಂಬುದನ್ನು ಅರಿಯಲು ಗ್ರಂಥಕಾರನ ಬಾಳನ್ನು ಸ್ವಲ್ಪ ತಿಳಿಯಬೇಕು.

ಕೊಪರ್ನಿಕಸ್ ಹುಟ್ಟಿದ್ದು 1473ರ ಫೆಬ್ರವರಿ 19ರಂದು, ವಿಸ್ಟುಲ ನದಿಯ ದಡದ ಟೊರೂನ್ ಪಟ್ಟಣದಲ್ಲಿ. ಅದು ಆಗ ಪೋಲೆಂಡಿನ ಅರಸನ ಅಧೀನದಲ್ಲಿದ್ದ ಪ್ರಷ್ಯದ ಭಾಗ. ತಂದೆ ತಾಮ್ರದ ವ್ಯಾಪಾರಿ. ನಾಲ್ವರು ಮಕ್ಕಳಲ್ಲಿ ಇವನೇ ಕಿರಿಯ. ಹತ್ತು ವರ್ಷದ ಆಸುಪಾಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಅವನಿಗೆ ಆಸರೆಯಾದವನು ಸೋದರಮಾವ ಲೂಕಾಸ್ ವಾಟ್ಸೆನ್‌ರೋಡೆ. ಈ ಮಾವನು 1489ರಲ್ಲಿ ವಾರ್ಮಿಯ ಪ್ರಾಂತದ ಬಿಷಪ್ ಆದನು. ಪ್ರಾಂತದ ಧಾರ್ಮಿಕ ಅಧಿಕಾರದ ಜೊತೆಗೆ ಆಡಳಿತವೂ ಅವನ ಕೈಯಲ್ಲಿತ್ತು. ಅಳಿಯನಿಗೆ ಆಜೀವ ವರಮಾನವುಳ್ಳ ಹುದ್ದೆಯೊಂದನ್ನು, ಎಂದರೆ ಫ್ರೊಂಬೋರ್ಕಿನ ಕೆಥೆಡ್ರಲಿನ ಆಡಳಿತ ಮಂಡಳಿಯ ಸದಸ್ಯತ್ವವನ್ನು ದೊರಕಿಸಿಕೊಟ್ಟವನು ಅವನೇ. ಮುಂದಿನ ನಲವತ್ತಕ್ಕೂ ಹೆಚ್ಚು ವರ್ಷಗಳ ಗಣಿತಕ್ಕೆ ಅನ್ನ ಹಾಕಿದ್ದು ಈ ಹುದ್ದೆ.

ವಿದ್ಯಾಭ್ಯಾಸ ದೀರ್ಘವಾದುದು. 1491ರಿಂದ ಕ್ರಾಕೋವ್ ವಿಶ್ವವಿದ್ಯಾಲಯ; 1496ರಿಂದ ಇಟಲಿಯ ಬೊಲೋನ್ಯದಲ್ಲಿ ಚರ್ಚಿನ ಕಾನೂನು; ಆ ಬಳಿಕ ಪಾದುವದಲ್ಲಿ ವೈದ್ಯ; ಕೊನೆಗೆ 1503ರಲ್ಲಿ ಫೆರಾರದಿಂದ ಕಾನೂನಿನಲ್ಲಿ ಡಾಕ್ಟರೇಟ್. ಬೊಲೋನ್ಯದಲ್ಲಿ ಡೊಮೆನಿಕೊ ಮರಿಯ ನೊವಾರ ಎಂಬ ಖಗೋಳಾಧ್ಯಾಪಕನ ಒಡನಾಟ ದೊರೆಯಿತು. 1497ರ ಮಾರ್ಚ್ 9ರ ರಾತ್ರಿ ಚಂದ್ರನು ರೋಹಿಣೀ ನಕ್ಷತ್ರವನ್ನು ಮರೆಮಾಡಿದುದನ್ನು ಅವನು ಅಲ್ಲಿ ವೀಕ್ಷಿಸಿದನು. ಟಾಲೆಮಿಯ ಚಂದ್ರಸಿದ್ಧಾಂತ ಸರಿಯಿಲ್ಲವೆಂಬುದಕ್ಕೆ ಆ ವೀಕ್ಷಣೆಯನ್ನು ಹಲವು ದಶಕಗಳ ಅನಂತರ ತನ್ನ ಗ್ರಂಥದಲ್ಲಿ ಬಳಸಿಕೊಂಡನು.

ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಸಂಗತಿಯಿದೆ. ಕೊಪರ್ನಿಕಸನ ಹೆಸರಿನಲ್ಲಿ ಅಚ್ಚಾದ ಮೊದಲ ಪುಸ್ತಕ ಖಗೋಳಶಾಸ್ತ್ರದ್ದಲ್ಲ, ಅದೊಂದು ಅನುವಾದ. ಏಳನೆಯ ಶತಮಾನದ ಬೈಜಾಂಟಿಯಮ್ ಲೇಖಕ ಥಿಯೊಫಿಲಾಕ್ಟನ 85 ಕಾಲ್ಪನಿಕ ಪತ್ರಗಳನ್ನು ಅವನು ಗ್ರೀಕಿನಿಂದ ಲ್ಯಾಟಿನ್ನಿಗೆ ತಂದು 1509ರಲ್ಲಿ ಕ್ರಾಕೋವಿನಲ್ಲಿ ಮುದ್ರಿಸಿದನು. ನೀತಿ, ಹಳ್ಳಿಯ ಬದುಕು, ಶೃಂಗಾರ ಎಂಬ ಮೂರು ಬಗೆಯ ಪತ್ರಗಳವು. ಸಾಹಿತ್ಯದೃಷ್ಟಿಯಿಂದ ದೊಡ್ಡ ಕೃತಿಯೇನೂ ಅಲ್ಲ. ಆದರೆ ಗ್ರೀಕನ್ನು ಕಷ್ಟಪಟ್ಟು ಕಲಿತ ಒಬ್ಬ ಮಾನವತಾವಾದಿ ವಿದ್ವಾಂಸನ ಕೈಬರಹ ಅಲ್ಲಿ ಕಾಣುತ್ತದೆ. ಪ್ರಾಚೀನರನ್ನು ಮೂಲಭಾಷೆಯಲ್ಲಿಯೇ ಓದಬೇಕೆಂಬ ಹಂಬಲ ಪುನರುಜ್ಜೀವನ ಯುಗದ ಹಂಬಲ. ಅವನ ಖಗೋಳಶಾಸ್ತ್ರವೂ ಅದೇ ಬೇರಿನಿಂದ ಚಿಗುರಿತು. ಗ್ರಹಗಳ ಗಣಿತದಲ್ಲಿ ಅತೃಪ್ತಿಯುಂಟಾದಾಗ ತಾನು ದೊರೆತ ತತ್ತ್ವಜ್ಞಾನಿಗಳ ಗ್ರಂಥಗಳನ್ನೆಲ್ಲ ಮತ್ತೆ ಓದಿದೆನೆಂದೂ, ಭೂಮಿ ಚಲಿಸುತ್ತದೆಂದು ಹೇಳಿದವರನ್ನು ಸಿಸಿರೊ ಹಾಗೂ ಪ್ಲುಟಾರ್ಕನ ಹೆಸರಿನ ಬರಹಗಳಲ್ಲಿ ಕಂಡೆನೆಂದೂ ಅವನೇ ಹೇಳಿಕೊಂಡಿದ್ದಾನೆ.

ಆ ಅತೃಪ್ತಿ ಎಂಥದು? ಟಾಲೆಮಿಯ ಪದ್ಧತಿಯಲ್ಲಿ ಭೂಮಿ ನಡುವೆ ಸ್ಥಿರವಾಗಿದೆ. ಗ್ರಹವು ಒಂದು ಸಣ್ಣ ವೃತ್ತದಲ್ಲಿ ಸುತ್ತುತ್ತದೆ; ಆ ಸಣ್ಣ ವೃತ್ತದ ಕೇಂದ್ರವು ದೊಡ್ಡ ವೃತ್ತವೊಂದರ ಮೇಲೆ ಸಾಗುತ್ತದೆ. ಆಗಾಗ ಗ್ರಹಗಳು ಹಿಂದಕ್ಕೆ ಚಲಿಸಿದಂತೆ ಕಾಣುವ ವಕ್ರಗತಿಗೆ ಇದರಿಂದ ಲೆಕ್ಕ ದೊರೆಯುತ್ತಿತ್ತು. ಆದರೆ ದೊಡ್ಡ ವೃತ್ತದ ಮೇಲಿನ ಚಲನೆ ಆ ವೃತ್ತದ ಕೇಂದ್ರದಿಂದ ನೋಡಿದರೆ ಸಮಗತಿಯದಲ್ಲ. ಬೇರೊಂದು ಬಿಂದುವಿನಿಂದ ನೋಡಿದರೆ ಮಾತ್ರ ಸಮಗತಿ. ಈಕ್ವಂಟ್ ಎಂದು ಕರೆಯಲಾಗುವ ಈ ಬಿಂದು ಕೊಪರ್ನಿಕಸನಿಗೆ ಸಹಿಸಲಾಗದ ವಂಚನೆಯಾಗಿ ತೋರಿತು. ಆಕಾಶದ ಚಲನೆ ಸಮವೂ ವೃತ್ತಾಕಾರವೂ ಆಗಿರಬೇಕೆಂಬ ಪ್ರಾಚೀನ ನಿಯಮಕ್ಕೆ ಟಾಲೆಮಿಯೇ ದ್ರೋಹ ಬಗೆದನೆಂಬುದು ಅವನ ಆಕ್ಷೇಪ. ಅವನಿಗಿಂತ ಮೊದಲು ಮರಾಘದ ನಸೀರುದ್ದೀನ್ ತೂಸಿ, ಡಮಾಸ್ಕಸ್ಸಿನ ಇಬ್ನ್ ಅಲ್ ಶಾತಿರ್ ಮೊದಲಾದವರಿಗೂ ಇದೇ ಆಕ್ಷೇಪವಿತ್ತು. ಅವರು ಕಂಡುಕೊಂಡ ಗಣಿತದ ಉಪಾಯಗಳು ಕೊಪರ್ನಿಕಸನ ಗ್ರಂಥದಲ್ಲಿಯೂ ಕಾಣಿಸುತ್ತವೆ. ಹಾಗಾಗಿ ಅವನನ್ನು ಹಳೆಯದನ್ನು ಕಿತ್ತೊಗೆದ ಕ್ರಾಂತಿಕಾರಿಯೆಂದು ಚಿತ್ರಿಸುವುದು ಅರ್ಧಸತ್ಯ. ಹಳೆಯ ನಿಯಮವೊಂದನ್ನು ಕಟ್ಟುನಿಟ್ಟಾಗಿ ಉಳಿಸಿಕೊಳ್ಳಲು ಹೊರಟವನು ಅವನು. ಆ ನಿಷ್ಠೆಯ ದಾರಿಯಲ್ಲಿಯೇ ಭೂಮಿಯನ್ನು ಅದರ ಸ್ಥಾನದಿಂದ ಕದಲಿಸಿದನು.

ಎರಡನೆಯ ಆಕ್ಷೇಪ ಔಚಿತ್ಯಕ್ಕೆ ಸಂಬಂಧಿಸಿದ್ದು. ಹಿಂದಿನವರ ವಿಶ್ವದಲ್ಲಿ ಒಂದೊಂದು ಗ್ರಹಕ್ಕೂ ಒಂದೊಂದು ಪ್ರತ್ಯೇಕ ಲೆಕ್ಕ. ಒಂದರೊಡನೆ ಇನ್ನೊಂದಕ್ಕೆ ಹೊಂದಿಕೆಯಿಲ್ಲ. ಬೇರೆ ಬೇರೆ ಕಡೆಗಳಿಂದ ಕೈ, ಕಾಲು, ತಲೆಗಳನ್ನು ಚೆನ್ನಾಗಿಯೇ ಬರೆದು ತಂದು ಜೋಡಿಸಿದರೆ ಮನುಷ್ಯನಾಗುವುದಿಲ್ಲ, ವಿಕೃತ ಜೀವಿಯಾಗುತ್ತದೆ ಎಂದು ಅವನು ಹೋಲಿಸುತ್ತಾನೆ. ರೋಮನ್ ಕವಿ ಹೊರೇಸನ ಕಾವ್ಯಮೀಮಾಂಸೆಯ ಆರಂಭವನ್ನು ಬಲ್ಲವರಿಗೆ ಈ ಹೋಲಿಕೆಯ ಮೂಲ ಹೊಳೆಯದಿರದು. ಕ್ಷೇಮೇಂದ್ರನ ಔಚಿತ್ಯವಿಚಾರವನ್ನು ಓದಿದ ನಮಗೂ ಅದು ದೂರದ್ದೆನಿಸುವುದಿಲ್ಲ. ಸೂರ್ಯನನ್ನು ನಡುವಿಗೆ ತಂದೊಡನೆ ಅವಯವಗಳು ತಾವಾಗಿಯೇ ಹೊಂದಿಕೊಂಡವು. ಅವನು ಕೊಡುವ ಕ್ರಮ ಇದು: ಬುಧನಿಗೆ 80 ದಿನಗಳು, ಶುಕ್ರನಿಗೆ ಒಂಬತ್ತು ತಿಂಗಳು, ಭೂಮಿಗೆ ಒಂದು ವರ್ಷ, ಮಂಗಳನಿಗೆ ಎರಡು, ಗುರುವಿಗೆ ಹನ್ನೆರಡು, ಶನಿಗೆ ಮೂವತ್ತು. ದೂರ ಹೆಚ್ಚಿದಂತೆ ಪರಿಭ್ರಮಣದ ಕಾಲವೂ ಹೆಚ್ಚುತ್ತದೆ. ಟಾಲೆಮಿಯ ಪದ್ಧತಿಯಲ್ಲಿ ಬುಧ ಮೊದಲೋ ಶುಕ್ರ ಮೊದಲೋ ಎಂಬುದೇ ಚರ್ಚೆಯ ವಿಷಯವಾಗಿತ್ತು. ಇಲ್ಲಿ ಒಂದನ್ನು ಅಲುಗಿಸಿದರೆ ಇಡೀ ಕಟ್ಟಡವೇ ಅಲುಗುತ್ತದೆ. ವಕ್ರಗತಿಯೂ ಗ್ರಹದ ಗುಣವಾಗಿ ಉಳಿಯುವುದಿಲ್ಲ. ಚಲಿಸುವ ಭೂಮಿಯಿಂದ ನೋಡುವ ನಮ್ಮ ದೃಷ್ಟಿಯ ಪರಿಣಾಮವಾಗುತ್ತದೆ.

ಇದನ್ನು ಒಪ್ಪಲು ತೆರಬೇಕಾದ ಬೆಲೆ ಸಣ್ಣದಲ್ಲ. ಭೂಮಿ ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತುವುದಾದರೆ ನಕ್ಷತ್ರಗಳ ಸ್ಥಾನದಲ್ಲಿ ಸ್ವಲ್ಪವಾದರೂ ವ್ಯತ್ಯಾಸ ತೋರಬೇಕು. ತೋರುತ್ತಿರಲಿಲ್ಲ. ಹಾಗಾದರೆ ನಕ್ಷತ್ರಗಳು ಊಹೆಗೆ ಮೀರಿದಷ್ಟು ದೂರದಲ್ಲಿವೆ ಎಂದು ಕೊಪರ್ನಿಕಸ್ ಉತ್ತರಿಸಿದನು. ಆ ವ್ಯತ್ಯಾಸವನ್ನು ಬೆಸೆಲ್ ಎಂಬ ಖಗೋಳಜ್ಞನು ಅಳೆದು ತೋರಿಸಿದ್ದು 1838ರಲ್ಲಿ. ಸಮವೃತ್ತಗಳ ನಿಯಮಕ್ಕೆ ಕಟ್ಟುಬಿದ್ದುದರಿಂದ ಉಪವೃತ್ತಗಳೂ ಅವನ ಗ್ರಂಥದಿಂದ ತೊಲಗಲಿಲ್ಲ. ಲೆಕ್ಕದ ನಿಖರತೆಯಲ್ಲಿ ಅವನ ಪದ್ಧತಿ ಟಾಲೆಮಿಯದಕ್ಕಿಂತ ಬಹಳ ಮೇಲೇನೂ ಅಲ್ಲ. ಲೆಕ್ಕ ಕೂಡಿಬಂದರೆ ಸಾಕು ಎನ್ನುವ ಮುನ್ನುಡಿಯ ತರ್ಕದಂತೆ ನೋಡಿದರೆ ಭೂಮಿಯನ್ನು ಕದಲಿಸುವ ಅಗತ್ಯವೇ ಇರಲಿಲ್ಲ! ಅವನ ಪಕ್ಷದಲ್ಲಿದ್ದ ಬಲವಾದ ವಾದವೆಂದರೆ ಆ ಸಮಗ್ರ ಹೊಂದಿಕೆ. ಅಂತಹ ಹೊಂದಿಕೆ ಸತ್ಯದ ಲಕ್ಷಣವೆಂದು ನಂಬಿದವನಿಗೆ ಮಾತ್ರ ಅದು ವಾದವಾಗುತ್ತದೆ.

ಭೂಮಿಯ ಚಲನೆ ನಮಗೇಕೆ ತಿಳಿಯುವುದಿಲ್ಲವೆಂಬುದನ್ನು ವಿವರಿಸುವಾಗ ಅವನು ವರ್ಜಿಲ್ ಕವಿಯ ಮಹಾಕಾವ್ಯದ ಒಂದು ಸಾಲನ್ನು ನೆನೆಯುತ್ತಾನೆ: ಹಡಗು ಬಂದರನ್ನು ಬಿಟ್ಟು ಹೊರಟಾಗ ಊರುಗಳೇ ಹಿಂದೆ ಸರಿದಂತೆ ತೋರುವ ಸಂದರ್ಭ. ನಮ್ಮಲ್ಲಿ ಆರ್ಯಭಟನೂ ಸಾವಿರ ವರ್ಷಗಳಿಗೂ ಮೊದಲೇ ಭೂಮಿಯ ದೈನಂದಿನ ಆವರ್ತನವನ್ನು ದೋಣಿಯ ದೃಷ್ಟಾಂತದಿಂದಲೇ ತಿಳಿಸಿದ್ದಾನೆ. ಇಬ್ಬರ ನಡುವೆ ಪ್ರಭಾವವನ್ನು ಹುಡುಕುವ ಉತ್ಸಾಹ ಬೇಡ. ಆರ್ಯಭಟನು ಹೇಳಿದ್ದು ಭೂಮಿಯ ಆವರ್ತನವನ್ನೇ ಹೊರತು ಸೂರ್ಯನ ಸುತ್ತಲಿನ ಪರಿಭ್ರಮಣವನ್ನಲ್ಲ. ಪಾಠಚರಿತ್ರೆಯ ದೃಷ್ಟಿಯಿಂದ ಮಾತ್ರ ಇವರಿಬ್ಬರ ವಿಧಿಯಲ್ಲಿ ಒಂದು ಸಾಮ್ಯವಿದೆ. ಆರ್ಯಭಟೀಯದ ಒಂದು ಶ್ಲೋಕದಲ್ಲಿ ಭೂಮಿಯ ಆವರ್ತನವನ್ನು ಹೇಳುವ ಕಡೆ 'ಭೂಃ' ಎಂಬುದಕ್ಕೆ ಬದಲಾಗಿ ನಕ್ಷತ್ರವಾಚಿಯಾದ 'ಭಂ' ಎಂಬ ಪಾಠವನ್ನು ವ್ಯಾಖ್ಯಾನಕಾರರು ಹಿಡಿದರು. 'ಭೂಃ' ಎಂಬುದೇ ಮೂಲವೆಂದು ನಮಗೆ ಸಾಕ್ಷ್ಯ ದೊರೆಯುವುದು ಆ ಮತವನ್ನು ಖಂಡಿಸಿದ ಬ್ರಹ್ಮಗುಪ್ತನಿಂದ. ಭಕ್ತರು ತಿದ್ದಿದ ಪಾಠವನ್ನು ವಿರೋಧಿ ಉಳಿಸಿಕೊಟ್ಟನು.

ಮತ್ತೆ ಫ್ರೊಂಬೋರ್ಕಿಗೆ ಬರೋಣ. ಬಾಲ್ಟಿಕ್ ತೀರದ ಆ ಮೂಲೆಯಲ್ಲಿ ಕೊಪರ್ನಿಕಸ್ ತನ್ನ ಹೊಸ ಮತದ ಸಂಗ್ರಹವೊಂದನ್ನು ಬಹಳ ಮೊದಲೇ ಬರೆದು ಆಪ್ತರಿಗೆ ಹಂಚಿದ್ದನು. ಕ್ರಾಕೋವಿನ ವಿದ್ವಾಂಸನೊಬ್ಬನು 1514ರ ಮೇ 1ರಂದು ಮಾಡಿದ ತನ್ನ ಪುಸ್ತಕಗಳ ಪಟ್ಟಿಯಲ್ಲಿ, ಭೂಮಿ ಚಲಿಸುತ್ತದೆ ಸೂರ್ಯ ನಿಂತಿದೆ ಎನ್ನುವ ಸಿದ್ಧಾಂತದ ಆರು ಹಾಳೆಗಳ ಹಸ್ತಪ್ರತಿಯೊಂದು ಸೇರಿದೆ. ಕರ್ತೃವಿನ ಹೆಸರು ಪಟ್ಟಿಯಲ್ಲಿಲ್ಲ. ಆ ಬಳಿಕ ಸುಮಾರು ಮೂರು ದಶಕಗಳು ಕಳೆದರೂ ದೊಡ್ಡ ಗ್ರಂಥ ಹೊರಬರಲಿಲ್ಲ. ನಡುವೆ ಅವನು ಬಿಡುವಿಲ್ಲದ ಆಡಳಿತಗಾರ. ಓಲ್ಷ್ಟಿನ್ ಕೋಟೆಯಲ್ಲಿ ಕುಳಿತು ಒಕ್ಕಲಿಲ್ಲದೆ ಪಾಳುಬಿದ್ದ ಹೊಲಗಳಿಗೆ ರೈತರನ್ನು ನೆಲೆಗೊಳಿಸಿದ ಲೆಕ್ಕ ಅವನ ಕೈಬರಹದಲ್ಲಿಯೇ ಉಳಿದಿದೆ. 1520-21ರಲ್ಲಿ ಟ್ಯುಟಾನಿಕ್ ಯೋಧರ ದಾಳಿಯಿಂದ ಅದೇ ಕೋಟೆಯನ್ನು ಕಾಯುವ ಹೊಣೆ ಅವನ ಮೇಲೆ ಬಿದ್ದಿತು. ನಾಣ್ಯಸುಧಾರಣೆಯನ್ನು ಕುರಿತು ಪ್ರಷ್ಯದ ಸಭೆಗೆ ವರದಿ ಮಂಡಿಸಿದನು. ಕೆಟ್ಟ ನಾಣ್ಯವು ಒಳ್ಳೆಯ ನಾಣ್ಯವನ್ನು ಚಲಾವಣೆಯಿಂದ ಓಡಿಸುತ್ತದೆಂಬ ಅರಿವು ಆ ಬರಹಗಳಲ್ಲಿದೆ. ರೋಗಿಗಳು ಕರೆದಾಗ ವೈದ್ಯನೂ ಆದನು. ಹೊತ್ತು ಸಿಕ್ಕಾಗ ಮರದ ಉಪಕರಣಗಳಿಂದ ಆಕಾಶವನ್ನು ಅಳೆದನು. ದೂರದರ್ಶಕವು ಆಕಾಶದತ್ತ ತಿರುಗಲು ಇನ್ನೂ ಒಂದು ಶತಮಾನದಷ್ಟು ಕಾಲವಿತ್ತು.

ಕೆಲಸದ ಒತ್ತಡವೊಂದೇ ಮೌನಕ್ಕೆ ಕಾರಣವಲ್ಲ. ಚರ್ಚಿನ ಭಯದಿಂದ ಕೊಪರ್ನಿಕಸ್ ಗ್ರಂಥವನ್ನು ಬಚ್ಚಿಟ್ಟನೆಂದು ಶಾಲೆಯ ಪಠ್ಯಗಳಿಂದ ಭಾಷಣಗಳವರೆಗೆ ನಾವು ಕೇಳುತ್ತ ಬಂದಿದ್ದೇವೆ. ದಾಖಲೆಗಳು ಈ ಮಾತನ್ನು ಸಮರ್ಥಿಸುವುದಿಲ್ಲ. 1533ರಲ್ಲಿ ಪೋಪ್ ಏಳನೆಯ ಕ್ಲೆಮೆಂಟನಿಗೆ ಅವನ ಕಾರ್ಯದರ್ಶಿಯು ವ್ಯಾಟಿಕನ್ನಿನ ಉದ್ಯಾನದಲ್ಲಿ ಈ ಮತವನ್ನು ವಿವರಿಸಿ ಒಂದು ಗ್ರೀಕ್ ಹಸ್ತಪ್ರತಿಯನ್ನು ಬಹುಮಾನವಾಗಿ ಪಡೆದನು. 1536ರಲ್ಲಿ ಕಾರ್ಡಿನಲ್ ಷೋನ್‌ಬೆರ್ಗ್ ರೋಮಿನಿಂದ ಪತ್ರ ಬರೆದು ಗ್ರಂಥದ ಪ್ರತಿಯನ್ನು ತನ್ನ ಖರ್ಚಿನಲ್ಲಿ ಮಾಡಿಸಿಕೊಡಬೇಕೆಂದು ಬೇಡಿದನು. ಆ ಪತ್ರ ಗ್ರಂಥದಲ್ಲಿಯೇ ಅಚ್ಚಾಗಿದೆ. ಕೊಪರ್ನಿಕಸನಿಗಿದ್ದ ಭಯ ವಿದ್ವಾಂಸರ ನಗೆಯದು. ಅಸಂಬದ್ಧವೆಂದು ತೋರುವ ಹೊಸ ಮಾತನ್ನು ಆಡಿದವನನ್ನು ಕೂಗಿ ಕೆಡವುತ್ತಾರೆಂಬ ಅಳುಕನ್ನು ಅವನೇ ಬಿಚ್ಚಿ ಹೇಳಿದ್ದಾನೆ. ಕೃತಿಯನ್ನು ಒಂಬತ್ತು ವರ್ಷ ಹೊರಗೆ ಬಿಡಬಾರದೆಂಬ ಹೊರೇಸನ ಸೂಚನೆಯನ್ನು ನೆನಪಿಸುವಂತೆ, ತನ್ನ ಕೃತಿ ಒಂಬತ್ತಲ್ಲ, ನಾಲ್ಕನೆಯ ಒಂಬತ್ತು ವರ್ಷಗಳವರೆಗೆ ಅಡಗಿತ್ತು ಎನ್ನುತ್ತಾನೆ. ಧರ್ಮಗ್ರಂಥದ ಮಾತನ್ನು ತಿರುಚಿ ಆಕ್ಷೇಪಿಸುವವರ ಬಗ್ಗೆ ಅವನ ಧ್ವನಿ ಬೇರೆ: ಗಣಿತವಿರುವುದು ಗಣಿತಜ್ಞರಿಗಾಗಿ ಎಂದು ಅವರನ್ನು ಕಡೆಗಣಿಸಿಬಿಡುತ್ತಾನೆ.

ಮೌನವನ್ನು ಮುರಿದವನು ಒಬ್ಬ ತರುಣ. 1539ರ ಮೇ ತಿಂಗಳಲ್ಲಿ ವಿಟೆನ್‌ಬರ್ಗ್ ವಿಶ್ವವಿದ್ಯಾಲಯದ 25 ವರ್ಷದ ಗಣಿತಾಧ್ಯಾಪಕ ರೆಟಿಕಸ್ ಕರೆಯದೆಯೇ ಫ್ರೊಂಬೋರ್ಕಿಗೆ ಬಂದನು. ವಿಟೆನ್‌ಬರ್ಗ್ ಎಂದರೆ ಲೂಥರನ ಊರು. ಫ್ರೊಂಬೋರ್ಕ್ ಕ್ಯಾಥೊಲಿಕ್ ಕೆಥೆಡ್ರಲ್. ಮತದ ಗೋಡೆಯನ್ನು ದಾಟಿ ಬಂದ ಶಿಷ್ಯನನ್ನು 66 ವರ್ಷದ ಗುರು ಒಳಗೆ ಬಿಟ್ಟುಕೊಂಡನು. ಶಿಷ್ಯನು ಕಾಣಿಕೆಯಾಗಿ ತಂದ ಅಚ್ಚಿನ ಪುಸ್ತಕಗಳಲ್ಲಿ ಗ್ರೀಕ್ ಮೂಲದ ಟಾಲೆಮಿ, ಯೂಕ್ಲಿಡರಿದ್ದರು. ಕೆಲವು ಪುಸ್ತಕಗಳು ಪೆಟ್ರೇಯಸನ ಅಚ್ಚುಕೂಟದವು. ಒಳ್ಳೆಯ ಮುದ್ರಕನೊಬ್ಬನ ಕೆಲಸದ ಮಾದರಿಯನ್ನು ಗುರುವಿನ ಕೈಗಿಡುವ ಜಾಣ್ಮೆಯೂ ಅದರಲ್ಲಿದ್ದಿರಬಹುದು. ಮರುವರ್ಷವೇ ರೆಟಿಕಸ್ ಗುರುವಿನ ಮತವನ್ನು ಪರಿಚಯಿಸುವ 'ಮೊದಲ ನಿರೂಪಣೆ'ಯನ್ನು ಡಾನ್ಸಿಗ್‌ನಲ್ಲಿ ಅಚ್ಚುಹಾಕಿಸಿದನು. ಯಾರೂ ನಗಲಿಲ್ಲ. 1541ರಲ್ಲಿ ದೊಡ್ಡ ಗ್ರಂಥದ ಪ್ರತಿಯೊಂದಿಗೆ ಹಿಂದಿರುಗಿ, 1542ರಲ್ಲಿ ಅದನ್ನು ನ್ಯೂರೆಂಬರ್ಗಿನಲ್ಲಿ ಪೆಟ್ರೇಯಸನಿಗೆ ಒಪ್ಪಿಸಿದನು. ಆದರೆ ಅದೇ ವರ್ಷ ಲೈಪ್‌ಜಿಗ್‌ನಲ್ಲಿ ಅಧ್ಯಾಪಕ ಹುದ್ದೆ ದೊರೆತುದರಿಂದ ಮುದ್ರಣ ಅರ್ಧದಲ್ಲಿರುವಾಗಲೇ ಹೊರಡಬೇಕಾಯಿತು. ಕರಡು ನೋಡುವ ಕೆಲಸ ನ್ಯೂರೆಂಬರ್ಗಿನ ಲೂಥರನ್ ಧರ್ಮಬೋಧಕ ಆಂಡ್ರಿಯಾಸ್ ಓಸಿಯಾಂಡರನ ಪಾಲಿಗೆ ಬಂದಿತು.

ಸಹಿಯಿಲ್ಲದ ಮುನ್ನುಡಿಯನ್ನು ಬರೆದವನು ಈ ಓಸಿಯಾಂಡರ್. ಅವನ ಮನಸ್ಸಿನಲ್ಲಿದ್ದುದೇನೆಂಬುದು ಗುಟ್ಟಲ್ಲ. 1541ರ ಏಪ್ರಿಲ್ 20ರಂದು ಅವನು ಕೊಪರ್ನಿಕಸನಿಗೂ ರೆಟಿಕಸನಿಗೂ ಪತ್ರ ಬರೆದು, ಇವು ನಂಬಬೇಕಾದ ಸಿದ್ಧಾಂತಗಳಲ್ಲ, ಲೆಕ್ಕಕ್ಕೆ ಆಧಾರವಾದ ಊಹೆಗಳು ಮಾತ್ರ ಎಂದು ಪೀಠಿಕೆಯಲ್ಲಿ ಹೇಳಿಬಿಟ್ಟರೆ ಅರಿಸ್ಟಾಟಲನ ಅನುಯಾಯಿಗಳೂ ದೇವತಾಶಾಸ್ತ್ರಜ್ಞರೂ ಶಾಂತರಾಗುತ್ತಾರೆಂದು ಸಲಹೆಯಿತ್ತಿದ್ದನು. ಗ್ರಂಥಕಾರನು ಆ ಸಲಹೆಯಂತೆ ನಡೆಯಲಿಲ್ಲ. 1542ರ ಜೂನಿನಲ್ಲಿ ಪೋಪ್ ಮೂರನೆಯ ಪಾಲನಿಗೆ ಅರ್ಪಿಸಿ ಬರೆದ ತನ್ನ ಪೀಠಿಕೆಯಲ್ಲಿ ಭೂಮಿಯ ಚಲನೆಯನ್ನು ಎದೆಯುಬ್ಬಿಸಿಯೇ ಸಮರ್ಥಿಸಿಕೊಂಡನು. ಗ್ರಂಥಕಾರನು ಒಲ್ಲದ ಮಾತನ್ನು ಓಸಿಯಾಂಡರ್ ತಾನೇ ಬರೆದು, ಅರ್ಪಣೆಗಿಂತಲೂ ಮುಂದೆ ಇಟ್ಟನು.

ಅವನನ್ನು ಖಳನಾಯಕನನ್ನಾಗಿ ಮಾಡುವುದಕ್ಕೆ ನನಗೆ ಮನಸ್ಸಿಲ್ಲ. ಗ್ರಂಥದ ಮೇಲೆ ಅವನಿಗೆ ದ್ವೇಷವಿರಲಿಲ್ಲ. ಅದನ್ನು ಉಳಿಸಬೇಕೆಂಬ ಇಚ್ಛೆಯಿತ್ತು. ಖಗೋಳಜ್ಞನು ಲೆಕ್ಕಕ್ಕಾಗಿ ಊಹೆಗಳನ್ನು ಕಟ್ಟುವನೆಂಬುದು ಆ ಕಾಲದ ವಿಶ್ವವಿದ್ಯಾಲಯಗಳ ಸಾಮಾನ್ಯ ನಂಬಿಕೆಯೂ ಆಗಿತ್ತು. 1908ರಲ್ಲಿ ಫ್ರಾನ್ಸಿನ ವಿಜ್ಞಾನೇತಿಹಾಸಕಾರ ಪಿಯೆರ್ ದುಯೆಮ್, ವಿಜ್ಞಾನದ ತರ್ಕವನ್ನು ಓಸಿಯಾಂಡರನೇ ಸರಿಯಾಗಿ ಅರಿತಿದ್ದನೆಂದು ವಾದಿಸಿದನು. ಅದು ತತ್ತ್ವಶಾಸ್ತ್ರದ ಚರ್ಚೆ, ಇರಲಿ. ಗ್ರಂಥಸಂಪಾದಕನ ನ್ಯಾಯಾಲಯದಲ್ಲಿ ಅಪರಾಧ ಬೇರೆ. ಮಾತು ಸರಿಯೋ ತಪ್ಪೋ, ಅದರ ಕೆಳಗೆ ಅವನ ಹೆಸರಿರಬೇಕಾಗಿತ್ತು.

ಆ ಹೊತ್ತಿಗೆ ಗ್ರಂಥಕಾರನು ಪ್ರತಿಭಟಿಸುವ ಸ್ಥಿತಿಯಲ್ಲಿರಲಿಲ್ಲ. 1542ರ ಕೊನೆಯಲ್ಲಿ ಪಾರ್ಶ್ವವಾಯು ಬಡಿದಿತ್ತು. 1543ರ ಮೇ 24ರಂದು ತೀರಿಕೊಂಡನು. ಅಚ್ಚಾದ ಗ್ರಂಥವು ಮರಣಶಯ್ಯೆಯಲ್ಲಿ ಅವನ ಕೈ ಸೇರಿತೆಂಬ ಪ್ರಸಿದ್ಧ ಕಥೆಗೆ ಆಧಾರವಿದೆ. ಅವನ ಜೀವದ ಗೆಳೆಯ ಬಿಷಪ್ ಟೀಡೆಮನ್ ಗೀಸೆ ಜುಲೈ 26ರಂದು ರೆಟಿಕಸನಿಗೆ ಬರೆದ ಪತ್ರದಂತೆ, ಹಲವು ದಿನಗಳ ಮೊದಲೇ ಅವನ ನೆನಪೂ ಮನಸ್ಸಿನ ಚುರುಕೂ ಹೋಗಿದ್ದವು. ಪೂರ್ಣಗೊಂಡ ತನ್ನ ಕೃತಿಯನ್ನು ಅವನು ಕಂಡದ್ದು ಕೊನೆಯುಸಿರಿನ ದಿನ. ಕಥೆ ಹೇಳುವವರು ಈ ಪತ್ರದ ಉಳಿದ ಭಾಗವನ್ನು ಬಿಟ್ಟುಬಿಡುತ್ತಾರೆ. ಪತ್ರದ ತುಂಬ ಇರುವುದು ಗೀಸೆಯ ಸಿಟ್ಟು. ಮುನ್ನುಡಿಯನ್ನು ಸೇರಿಸಿದ್ದು ವಿಶ್ವಾಸಘಾತವೆಂದು ಅವನು ಬಗೆದನು. ಮುದ್ರಕನ ಮೇಲೆ ಕ್ರಮ ಜರುಗಿಸಿ ಮೊದಲ ಹಾಳೆಗಳನ್ನು ಮತ್ತೆ ಅಚ್ಚುಹಾಕಿಸಬೇಕೆಂದು ನ್ಯೂರೆಂಬರ್ಗಿನ ನಗರಸಭೆಗೆ ದೂರು ಕೊಟ್ಟನು. ತನಗೆ ಬಂದ ಹಾಗೆಯೇ ಅಚ್ಚುಹಾಕಿದೆನೆಂದು ಪೆಟ್ರೇಯಸ್ ಉತ್ತರಿಸಿದನು. ನಗರಸಭೆ ಅಲ್ಲಿಗೆ ಕೈಬಿಟ್ಟಿತು. ಅದೇ ಪತ್ರದಲ್ಲಿ ಗೀಸೆ ಇನ್ನೊಂದು ನೋವಿಗೂ ಸಮಾಧಾನ ಹೇಳಿದ್ದಾನೆ: ಕೊಪರ್ನಿಕಸ್ ತನ್ನ ಪೀಠಿಕೆಯಲ್ಲಿ ಗೀಸೆಯನ್ನೂ ಷೋನ್‌ಬೆರ್ಗನನ್ನೂ ನೆನೆದು ರೆಟಿಕಸನ ಹೆಸರನ್ನೇ ಎತ್ತಿರಲಿಲ್ಲ. ಅದು ಕೃತಘ್ನತೆಯಲ್ಲ, ಅಲಕ್ಷ್ಯ ಎಂದು ಗೀಸೆ ಬರೆದನು.

ರೆಟಿಕಸ್ ತನ್ನಿಂದಾದುದನ್ನು ಮಾಡಿದನು. ಅವನ ಕೈಯಿಂದ ಹೋದ ಕೆಲವು ಪ್ರತಿಗಳಲ್ಲಿ ಆ ಮುನ್ನುಡಿಯ ಮೇಲೆ ಕೆಂಪು ಬಣ್ಣದ ಗೀಟು ಅಡ್ಡಲಾಗಿ ಬಿದ್ದಿದೆ. ಶೀರ್ಷಿಕೆಯಲ್ಲಿ 'ಪರಿಭ್ರಮಣಗಳು' ಎಂಬ ಅರ್ಥದ ಪದದ ಮುಂದೆ ಇರುವ 'ಆಕಾಶಗೋಳಗಳ' ಎಂಬರ್ಥದ ಎರಡು ಪದಗಳನ್ನೂ ಹೊಡೆದುಹಾಕಲಾಗಿದೆ. ಪ್ರಕ್ಷಿಪ್ತವನ್ನು ಗುರುತಿಸಿದ ಮೊದಲ ಸಂಪಾದಕನೆಂದು ಅವನನ್ನು ಕರೆಯಬಹುದು. ಆದರೆ ಅಂತಹ ಪ್ರತಿಗಳು ಬೆರಳೆಣಿಕೆಯಷ್ಟು. ಉಳಿದ ನೂರಾರು ಪ್ರತಿಗಳು ಮುನ್ನುಡಿಯೊಂದಿಗೆ ಯುರೋಪನ್ನು ಸುತ್ತಿದವು.

ಅವನ್ನು ಓದಿದವರಾರು? ಯಾರೂ ಓದದ ಪುಸ್ತಕವೆಂದು 1959ರಲ್ಲಿ ಆರ್ಥರ್ ಕೋಸ್ಲರ್ ಬರೆದನು. ಆ ಮಾತನ್ನು ಪರೀಕ್ಷಿಸಲೆಂದೇ ಎಂಬಂತೆ ಅಮೆರಿಕದ ಖಗೋಳಜ್ಞ ಓವನ್ ಗಿಂಗರಿಚ್ ಮೂರು ದಶಕಗಳ ಕಾಲ ದೇಶದೇಶಗಳ ಗ್ರಂಥಾಲಯಗಳನ್ನು ಅಲೆದು, 1543 ಮತ್ತು 1566ರ ಆವೃತ್ತಿಗಳ ಸುಮಾರು 600 ಪ್ರತಿಗಳನ್ನು ಪಟ್ಟಿಮಾಡಿದನು. ಅಂಚುಗಳಲ್ಲಿ ಟಿಪ್ಪಣಿಗಳೋ ಟಿಪ್ಪಣಿಗಳು! ಓದಿದ್ದಾರೆ, ಓದಿದ ಬಗೆಯೇ ವಿಚಾರಾರ್ಹ. ವಿಟೆನ್‌ಬರ್ಗಿನ ಪ್ರಾಧ್ಯಾಪಕ ಎರಾಸ್ಮಸ್ ರೈನ್‌ಹೋಲ್ಡ್ ತನ್ನ ಪ್ರತಿಯ ಶೀರ್ಷಿಕೆಯ ಪುಟದಲ್ಲಿ, ಆಕಾಶದ ಚಲನೆ ಸಮವೂ ವೃತ್ತಾಕಾರವೂ ಆದುದೆಂಬ ನಿಯಮವನ್ನು ಬರೆದುಕೊಂಡಿದ್ದಾನೆ. ಗಣಿತದ ಭಾಗಗಳಲ್ಲಿ ಅವನ ಟಿಪ್ಪಣಿ ದಟ್ಟವಾಗಿದೆ. ಸೂರ್ಯಕೇಂದ್ರವನ್ನು ಪ್ರತಿಪಾದಿಸುವ ಮೊದಲ ಭಾಗದಲ್ಲಿ ವಿರಳ. 1551ರಲ್ಲಿ ಆ ಗಣಿತವನ್ನೇ ಆಧರಿಸಿ ಅವನು ಗ್ರಹಗಳ ಕೋಷ್ಟಕಗಳನ್ನು ಪ್ರಕಟಿಸಿದನು. ಒಂದು ಪೀಳಿಗೆಯ ವಿದ್ವಾಂಸರು ಗ್ರಂಥವನ್ನು ಓದಿದ್ದು ಹೀಗೆಯೇ: ಲೆಕ್ಕವನ್ನು ಸ್ವೀಕರಿಸಿ, ಭೂಮಿಯನ್ನು ಇದ್ದಲ್ಲಿಯೇ ಇರಿಸಿ. ಮುನ್ನುಡಿ ತನ್ನ ಕೆಲಸವನ್ನು ಮಾಡುತ್ತಿತ್ತು. ಅದು ಗ್ರಂಥವನ್ನು ಕಾಪಾಡಿದ್ದೂ ನಿಜ. ಎಪ್ಪತ್ತಮೂರು ವರ್ಷಗಳ ಕಾಲ ರೋಮಿನಿಂದ ಅದಕ್ಕೆ ನಿಷೇಧ ಬರಲಿಲ್ಲ.

ಸೂಕ್ಷ್ಮವಾಗಿ ಓದಿದವರಿಗೆ ಅನುಮಾನ ಬಾರದೆ ಇರಲಿಲ್ಲ. ಮುನ್ನುಡಿಯು ಗ್ರಂಥಕಾರನನ್ನು ಪ್ರಥಮಪುರುಷದಲ್ಲಿ ಹೆಸರಿಸಿ ಹೊಗಳುತ್ತದೆ. ತನ್ನನ್ನು ತಾನೇ ಹಾಗೆ ಹೊಗಳಿಕೊಳ್ಳುವವರುಂಟೆ? ಅಲ್ಲದೆ ಅದರ ವಾದಕ್ಕೂ ಅದರ ಬೆನ್ನಿಗಿರುವ ಅರ್ಪಣೆಯ ವಾದಕ್ಕೂ ತಾಳಮೇಳವಿಲ್ಲ. 1584ರಲ್ಲಿ ಜಿಯೊರ್ದಾನೊ ಬ್ರೂನೊ ಈ ಅಂತರಂಗದ ಸಾಕ್ಷ್ಯದ ಬಲದಿಂದಲೇ ಇದು ಕೊಪರ್ನಿಕಸನ ಬರಹವಲ್ಲವೆಂದು ಸಾರಿ, ಬರೆದವನನ್ನು ಕತ್ತೆಯೆಂದು ಜರೆದನು. ಬಹಿರಂಗದ ಸಾಕ್ಷ್ಯ ದೊರೆತದ್ದು ಕೆಪ್ಲರನಿಗೆ. ಅವನ ಕೈಗೆ ಬಂದಿದ್ದ ಪ್ರತಿ ಮೊದಲು ನ್ಯೂರೆಂಬರ್ಗಿನ ಷ್ರೈಬರ್ ಎಂಬುವನಿಗೆ ಪೆಟ್ರೇಯಸನೇ ಕೊಟ್ಟದ್ದು. ಷ್ರೈಬರನು ಮುನ್ನುಡಿಯ ತಲೆಯ ಮೇಲೆ ಓಸಿಯಾಂಡರನ ಹೆಸರನ್ನು ಬರೆದಿಟ್ಟಿದ್ದನು. 1609ರಲ್ಲಿ ಕೆಪ್ಲರನು ತನ್ನ 'ಹೊಸ ಖಗೋಳಶಾಸ್ತ್ರ'ವನ್ನು ಪ್ರಕಟಿಸಿದಾಗ, ಶೀರ್ಷಿಕೆಯ ಪುಟದ ಬೆನ್ನಿನಲ್ಲಿಯೇ ಆ ಹೆಸರನ್ನು ಲೋಕಕ್ಕೆ ತಿಳಿಸಿದನು. ಕೊಪರ್ನಿಕಸನ ಗ್ರಂಥದಲ್ಲಿ ಓಸಿಯಾಂಡರ್ ಅಡಗಿ ಕುಳಿತ ಪುಟವೂ ಅದೇ ಅಲ್ಲವೆ! ಮಂಗಳಗ್ರಹದ ಪಥ ವೃತ್ತವಲ್ಲ, ದೀರ್ಘವೃತ್ತ ಎಂದು ಸಾಧಿಸಿ, ಕೊಪರ್ನಿಕಸನು ಪ್ರಾಣದಂತೆ ಹಿಡಿದಿದ್ದ ನಿಯಮವನ್ನು ಕೆಡವಿದ್ದೂ ಆ ಗ್ರಂಥವೇ. ಗುರುವಿನ ಮಾತನ್ನು ಗುರುವಿಗೆ ಹಿಂದಿರುಗಿಸಿಕೊಟ್ಟವನೇ ಅದನ್ನು ಮೀರಿದನು.

1616ರ ಮಾರ್ಚಿನಲ್ಲಿ ರೋಮಿನ ಅಧಿಕಾರಿಗಳು ಗ್ರಂಥವನ್ನು ತಿದ್ದುಪಡಿಯಾಗುವವರೆಗೆ ತಡೆಹಿಡಿದರು. 1620ರಲ್ಲಿ ಸುಮಾರು ಹತ್ತು ತಿದ್ದುಪಡಿಗಳ ಪಟ್ಟಿ ಹೊರಟಿತು. ಭೂಮಿಯ ಮೂರು ಬಗೆಯ ಚಲನೆಯನ್ನು ನಿರೂಪಿಸುವ ಅಧ್ಯಾಯದ ತಲೆಬರಹದಲ್ಲಿ 'ಊಹೆ' ಎಂಬ ಪದವನ್ನು ಸೇರಿಸಬೇಕೆಂಬುದು ಅವುಗಳಲ್ಲೊಂದು. ಓಸಿಯಾಂಡರ್ ಬಾಗಿಲಲ್ಲಿ ಮಾಡಿದ್ದನ್ನು ಅವರು ಮನೆಯೊಳಗೆ ಮಾಡಹೊರಟರು. ಇಟಲಿಯಲ್ಲಿದ್ದ ಬಹುಪಾಲು ಪ್ರತಿಗಳಲ್ಲಿ ಆ ತಿದ್ದುಪಡಿಗಳನ್ನು ಮಸಿಯಿಂದ ಬರೆಯಲಾಗಿದೆ. ಗೆಲಿಲಿಯೋನ ಸ್ವಂತ ಪ್ರತಿಯೂ ಅದಕ್ಕೆ ಹೊರತಲ್ಲ, ಆದರೆ ಅಲ್ಲಿನ ಗೀಟುಗಳು ಎಷ್ಟು ತೆಳುವಾಗಿವೆಯೆಂದರೆ ಅಡಿಯ ಅಕ್ಷರಗಳನ್ನು ಓದಬಹುದು. ಇತರ ದೇಶಗಳ ಓದುಗರು ಬಹುಮಟ್ಟಿಗೆ ತಿದ್ದಲೇ ಇಲ್ಲ.

ಕೊಪರ್ನಿಕಸನ ಸ್ವಹಸ್ತಪ್ರತಿಯ ಕಥೆಯನ್ನು ಹೇಳದೆ ಇದನ್ನು ಮುಗಿಸಲಾಗದು. ಅದು ರೆಟಿಕಸನ ಬಳಿ ಉಳಿಯಿತು. ಅವನ ಶಿಷ್ಯನ ಮೂಲಕ ಹೈಡಲ್‌ಬರ್ಗಿನ ಪ್ರಾಧ್ಯಾಪಕ ಕ್ರಿಸ್ಟ್‌ಮನ್ನನಿಗೆ ಬಂದಿತು. 1614ರಲ್ಲಿ ಅವನ ವಿಧವೆಯಿಂದ ಅದನ್ನು ಕೊಂಡ ವಿದ್ಯಾರ್ಥಿ ಮುಂದೆ ಶಿಕ್ಷಣತಜ್ಞನಾಗಿ ಹೆಸರಾದ ಕೊಮೆನಿಯಸ್. ಬಳಿಕ ಅದು ಪ್ರಾಗ್ ನಗರದ ನೊಸ್ಟಿಟ್ಸ್ ಮನೆತನದ ಗ್ರಂಥಭಂಡಾರದಲ್ಲಿ ಮರೆವಿಗೆ ಸಂದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ವಿದ್ವಾಂಸರ ಗಮನಕ್ಕೆ ಬಂದ ಮೇಲೆ 1854ರ ವಾರ್ಸಾ ಆವೃತ್ತಿ, 1873ರ ಟೊರೂನ್ ಆವೃತ್ತಿಗಳು ಅದರ ನೆರವು ಪಡೆದವು. 1956ರಲ್ಲಿ ಚೆಕೊಸ್ಲೊವಾಕಿಯ ಅದನ್ನು ಪೋಲೆಂಡಿಗೆ ಒಪ್ಪಿಸಿತು. ಈಗ ಅದಿರುವುದು ಹದಿನೆಂಟು ವರ್ಷದ ಕೊಪರ್ನಿಕಸ್ ವಿದ್ಯಾರ್ಥಿಯಾಗಿ ಸೇರಿದ ಕ್ರಾಕೋವ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ. ಅದರ ಚಿತ್ರರೂಪವನ್ನು ಇಂದು ಯಾರು ಬೇಕಾದರೂ ಅಂತರ್ಜಾಲದಲ್ಲಿ ನೋಡಬಹುದು.

ಹಾಳೆಗಳಲ್ಲಿ ಅಚ್ಚುಕೂಟದ ಮಸಿಯ ಕಲೆಗಳಿಲ್ಲ. ಮುದ್ರಕನ ಮೇಜಿನ ಮೇಲಿದ್ದುದು ಬೇರೊಂದು ಪ್ರತಿ. ಅಲ್ಲಲ್ಲಿ ಗ್ರಂಥಕಾರನೇ ಹೊಡೆದುಹಾಕಿದ ಭಾಗಗಳಿವೆ. ಭೂಮಿ ಚಲಿಸುತ್ತದೆಂದು ಫಿಲೊಲಾಸನಂತೆ ಸೇಮೋಸಿನ ಅರಿಸ್ಟಾರ್ಕಸನೂ ನಂಬಿದ್ದನೆಂದು ಕೆಲವರು ಹೇಳುತ್ತಾರೆ ಎಂಬ ಮಾತು ಹಾಗೆ ಹೊಡೆದುಹಾಕಿದ ಭಾಗದಲ್ಲಿದೆ. ಅದರ ಬೆನ್ನಿಗೇ, ಜ್ಞಾನವನ್ನು ಎಲ್ಲರ ಮುಂದೆ ತೆರೆದಿಡಬಾರದೆನ್ನುವ ಪೈಥಾಗೊರಸ್ ಪಂಥದ ಪತ್ರವೊಂದರ ಲ್ಯಾಟಿನ್ ಅನುವಾದವಿತ್ತು, ಅದನ್ನೂ ಬಿಟ್ಟಿದ್ದಾನೆ. ಓಸಿಯಾಂಡರನ ಮುನ್ನುಡಿ ಈ ಪ್ರತಿಯಲ್ಲಿಲ್ಲ. ಪೋಪನಿಗೆ ಬರೆದ ಅರ್ಪಣೆಯೂ ಇಲ್ಲ. ಅಚ್ಚಿನಲ್ಲಿ ಕಾಣದ, ಖಗೋಳವಿದ್ಯೆಯನ್ನು ಪ್ರಶಂಸಿಸುವ ಕೆಲವು ಪುಟಗಳಿಂದ ಗ್ರಂಥ ನೇರವಾಗಿ ಆರಂಭವಾಗುತ್ತದೆ.